ಮೂರು ಕಡ್ಡಿ, ಎರಡು ಕಡ್ಡಿ

ಹಾರಂಗಿ
ಶುಕ್ರವಾರ, 9 ಫೆಬ್ರವರಿ 2024

ನನ್ನ ಭವ್ಯಾ,

ಮಂಗಳೂರು ಬಸ್ಸು ಹತ್ತಿದವಳು ಸಂಪಾಜೆಯಲ್ಲೇ ಇಳಿದು ಚಿಕ್ಕಮ್ಮನ ಮನೆಯಲ್ಲಿ ಕೂತಿದ್ದೀಯಂತೆ. ಫಾರ್ಮಸಿ ಓದು ಬೇಡ ಅನ್ನುತ್ತೀಯಂತೆ. ಫೋನಿನಲ್ಲಾದರೆ ನಾನು ಅತ್ತುಬಿಡುತ್ತೇನೆ. ಅದಕ್ಕೆ ದಿನಚರಿಯ ಹಾಳೆ ಹರಿದು ಬರೆಯುತ್ತಿದ್ದೇನೆ.

ನೀನು ಬಿಟ್ಟುಹೋದ ನೋಟ್‌ಬುಕ್ ನೋಡಿದೆ. ಏಳನೇ ಕ್ಲಾಸಿಗೇ ಓದು ಬಿಟ್ಟ ಅಮ್ಮನಿಗೆ ಏನು ತಿಳಿದೀತು ಅನ್ನಬೇಡ. ನೀನು ಬರೆದ ಅಣುವಿನ ಚಿತ್ರಗಳಲ್ಲಿ ಆರು ಮೂಲೆಯ ಕೋಣೆ, ಅದರ ಗೋಡೆಗೆ ಅಂಟಿಕೊಂಡು ಐದು ಮೂಲೆಯ ಕೋಣೆ. ಕಾಫಿಯೊಳಗಿನ ವಸ್ತುವಿಗೆ ಹೊರಗಡೆ ಮೂರು ಕಡ್ಡಿ ಎಳೆದಿದ್ದೀಯ. ಪಕ್ಕದಲ್ಲೇ ನಿಮ್ಮಪ್ಪನ ಉಬ್ಬಸದ ಮಾತ್ರೆಯದು. ಅದೇ ಮನೆ, ಎರಡೇ ಕಡ್ಡಿ.

ಅದನ್ನು ಹಿಡಿದುಕೊಂಡು ಆಸ್ಪತ್ರೆಯಲ್ಲಿ ಮಾತ್ರೆ ಕೊಡುವ ಪದ್ಮಯ್ಯನವರ ಹತ್ತಿರ ಹೋದೆ. ನಿದ್ದೆ ತರುವ ವಸ್ತು ಕೂರಬೇಕಾದ ಮಣೆಯ ಮೇಲೆ ಕಾಫಿಯದು ಹೋಗಿ ಕೂರುತ್ತದೆ, ಎಚ್ಚರ ಬರುವುದು ಅದಕ್ಕೇ ಎಂದರು. ಒಂದು ಕಡ್ಡಿ ಕಳೆದರೆ ಉಸಿರಿನ ಕೊಳವೆ ಸಡಿಲಿಸುವ ಕೆಲಸ ಜಾಸ್ತಿಯಂತೆ. ಎರಡೂ ಒಟ್ಟಿಗೆ ಹೋದರೆ ಏನಾಗುತ್ತದೆ ಎಂದು ಕೇಳಿದೆ. ಅವರು ಕನ್ನಡಕ ತೆಗೆದರು.

"ಅಕ್ಕ ತಂಗಿ ಇದ್ದಂಗೆ ಕಣಮ್ಮ. ಒಬ್ಬಳು ಬಂದ್ರೆ ಮನೇಗೆ ಚಂದ. ಇಬ್ರೂ ಒಂದೇ ದಿನ ಬಂದು ಕೂತ್ರೆ ಎದೆ ತಡಿಯಲ್ಲ. ಯಾರ್ಗೆ ಕೊಟ್ರಿ?"

ಅವರಿಗೆ ಉತ್ತರ ಕೊಡದೆ ಬಂದೆ. ನಿನಗೆ ಕೊಡುತ್ತೇನೆ.

ಆ ಶನಿವಾರ ಅಪ್ಪ ಕಾಫಿ ಮಿಲ್ಲಿನ ಧೂಳು ಕುಡಿದು ಮಧ್ಯಾಹ್ನವೇ ಏದುಸಿರು ಬಿಡುತ್ತಾ ಬಂದರು. ಇನ್ನೊಂದು ಮಾತ್ರೆ ಕೊಡು ಎಂದು ನೀನು ಫೋನಿನಲ್ಲಿ ಹೇಳಿದೆ. ಸಂಜೆಯ ಹೊತ್ತಿಗೆ ಅವರಿರಲಿಲ್ಲ. ನೀನು ಹೇಳಿದ ಮಾತ್ರೆಯಿಂದಲೇ ಅಪ್ಪ ಹೋದರು ಎಂದು ಅಂದಿನಿಂದ ಆ ಮಾತನ್ನೇ ಹೊತ್ತುಕೊಂಡು ತಿರುಗುತ್ತಿದ್ದೀಯ. ನನ್ನ ಮಡಿಲಲ್ಲಿ ತಲೆಯಿಟ್ಟು ಅತ್ತಾಗಲೂ ನಾನು ಬಾಯಿ ಬಿಡಲಿಲ್ಲ.

ನಮ್ಮ ಮನೆಯಲ್ಲಿ ಉಸಿರು ಕಟ್ಟಿದರೆ ಮೊದಲು ಕೊಡುವುದು ಬೆಲ್ಲದ ಕರಿಕಾಫಿ. ನಮ್ಮತ್ತೆ ಕೊಡುತ್ತಿದ್ದರು, ನಾನೂ ಕೊಟ್ಟೆ. ಗಟ್ಟಿಯಾಗಿ ಕಾಯಿಸಿ, ಚೊಂಬು ತುಂಬ. ಅಪ್ಪ ಲೋಟ ಕೆಳಗಿಟ್ಟರು. "ಸಾಕು ಬಿಡೇ ವಿಶಾಲು, ಮಿಲ್ಲು ಎದೆಯೊಳಗೇ ಓಡ್ತಾ ಐತೆ" ಎಂದರು. ನಾನು ನಕ್ಕೆ. ಉಸಿರು ಸ್ವಲ್ಪ ಬಿಟ್ಟಿತಲ್ಲ ಎಂದು ಇನ್ನೆರಡು ಲೋಟ ಕುಡಿಸಿದೆ.

ಹೃದಯ ಮೊದಲೇ ಸೋತಿತ್ತು ಎಂದು ಡಾಕ್ಟರ್ ಹೇಳಿದ್ದಾರೆ. ಇರಬಹುದು. ಲೋಟ ಹಿಡಿದ ಕೈ ಮಾತ್ರ ನನ್ನದು, ನಿನ್ನದಲ್ಲ.

ನಾಳೆ ಮಹಿಳಾ ಸಂಘದಲ್ಲಿ ಎದ್ದು ನಿಂತು ಇದನ್ನು ಹೇಳುತ್ತೇನೆ. ಮಿಲ್ಲಿನಲ್ಲಿ ಉಬ್ಬಸದವರು ಇನ್ನೂ ಇದ್ದಾರೆ. ಅವರ ಮನೆಗಳಲ್ಲೂ ಬೆಲ್ಲದ ಕಾಫಿ ಕುದಿಯುತ್ತದೆ. ಆಡಿಕೊಳ್ಳುವವರು ಆಡಿಕೊಳ್ಳಲಿ. ಆದರೆ ಯಾಕೆ ಹೀಗೆ ಎಂದು ಕೇಳಿದರೆ ಮೂರು ಕಡ್ಡಿ, ಎರಡು ಕಡ್ಡಿ ಅನ್ನುವುದಕ್ಕಿಂತ ಮುಂದೆ ನನಗೆ ಬಾರದು. ಮುಂದಿನದನ್ನು ನೀನು ಕಲಿತು ಬಂದು ಹೇಳಬೇಕು. ಸೋಮವಾರ ಬೆಳಗಿನ ಬಸ್ಸು ಹತ್ತು. ಈ ಸಲ ಮಂಗಳೂರಿನಲ್ಲೇ ಇಳಿ.

ನಿನ್ನ ಅಮ್ಮ,
ವಿಶಾಲಾಕ್ಷಿ

ಬರೆಯಲು ಧೈರ್ಯ ಸಾಲದೆ ಕೊನೆಗೆ ಉಳಿಸಿದ್ದು: ಈ ಕಾಗದದ ಜೊತೆ ಬಸ್ಸಿನವರ ಕೈಯಲ್ಲಿ ಕಳಿಸುತ್ತಿರುವ ನಿನ್ನ ನೋಟ್‌ಬುಕ್ಕಿನೊಳಗೆ ಅಪ್ಪನ ಮಾತ್ರೆಯ ಸ್ಟ್ರಿಪ್ ಇಟ್ಟಿದ್ದೇನೆ. ಬೆಳಗಿನದು ಕೊಟ್ಟ ಮೇಲೆ ಅದರಲ್ಲಿ ಒಂದೇ ಉಳಿದಿತ್ತು. ನೀನು ಕೊಡು ಅಂದಾಗ ಕೈಗೆ ತಗೊಂಡವಳು, ಮೊದಲು ಕಾಫಿ ಕುಡಿಯಲಿ ಎಂದು ತಿರುಗಿ ಗೂಡಿನಲ್ಲಿಟ್ಟೆ. ಆ ಮಾತ್ರೆ ಈಗಲೂ ಸ್ಟ್ರಿಪ್ಪಿನಲ್ಲೇ ಇದೆ. ಮುಟ್ಟಿ ನೋಡು.