ಯಾರೂ ನೋಡದ ಕೈ

ನಂಜನಗೂಡು
22 ಡಿಸೆಂಬರ್ 2024

ಮಗಳಂಥ ಪವಿತ್ರಳಿಗೆ,

ನಿನ್ನ ಸೋದರಮಾವನ ಆಶೀರ್ವಾದ. ಲೋಕ ಅದಾಲತ್ತಿನ ದಿನ ಟಿ. ನರಸೀಪುರದ ಆಸ್ಪತ್ರೆಯಲ್ಲಿ ನಿನಗೆ ರಜೆ ಸಿಗಲಿಲ್ಲ. ಅವ್ವನ ಕೇಸು ಹೇಗೆ ಮುಗಿಯಿತೆಂದು ನೀನು ಮೂರು ಸಲ ಫೋನು ಮಾಡಿದೆ. ಫೋನಿನಲ್ಲಿ ನನಗೆ ಬಾಯಿ ಬರಲಿಲ್ಲ. ಈಗ ಅವಳು ನಿನ್ನ ಹತ್ತಿರವೇ ಇದ್ದಾಳೆ. ಈ ಕಾಗದವನ್ನು ಅವಳಿಗೂ ಓದಿ ಹೇಳು.

ಅಂದು ಅವಳು ಕಾರ್ಖಾನೆಯ ಮಿಷನ್ನಿಗೆ ಸಿಕ್ಕಿದ್ದ ಬಲಗೈಯನ್ನು ಸೆರಗಿನಲ್ಲಿ ಸುತ್ತಿಕೊಂಡು ಹೆಮ್ಮರಗಾಲದಿಂದ ಬಂದಳು. ಕೋರ್ಟಿನ ಮೆಟ್ಟಿಲ ಬಳಿ, "ಅಣ್ಣಯ್ಯ, ಇಲ್ಲಾದ್ರೂ ಕೈ ಬಿಚ್ಚಿ ತೋರಿಸ್ಬೋದಾ?" ಎಂದಳು. ನಮ್ಮಪ್ಪ ಊರಿನ ನ್ಯಾಯಕ್ಕೆ ಜಗುಲಿಯ ಮೇಲೆ ಕೂರುತ್ತಿದ್ದ ಕಾಲ ಅವಳಿಗೆ ನೆನಪಿತ್ತು. ಚಿಕ್ಕಬಸಪ್ಪನ ಎತ್ತು ಕೂಲಿಯವನೊಬ್ಬನ ತೊಡೆ ಸೀಳಿದಾಗ ಜಗುಲಿಯ ಹತ್ತು ಜನರೂ ಎದ್ದು ಬಂದು ಗಾಯ ನೋಡಿದರು. ಎತ್ತಿನ ಒಡೆಯನಿಗೂ ತೋರಿಸಿದರು. ಆಮೇಲೆಯೇ ಮಾತು. ಆ ಜಗುಲಿಯ ಮೇಲೆ ಅನ್ಯಾಯವೂ ಬೇಕಾದಷ್ಟು ನಡೆಯಿತು, ಹತ್ತಿರಕ್ಕೇ ಸೇರಿಸದ ಜನರೂ ಇದ್ದರು. ಆದರೆ ಗಾಯ ನೋಡದೆ ಯಾರೂ ತೀರ್ಪು ಹೇಳಲಿಲ್ಲ.

ಅಮೆರಿಕದಲ್ಲಿ ಗಾಯಗೊಂಡವರ ಮಾತು ಕೇಳಲು ಊರಿನ ಸಾಮಾನ್ಯರನ್ನೇ ಜೂರಿಯಾಗಿ ಕೂರಿಸುವ ಹಕ್ಕಿದೆ. ಅದನ್ನು ಮೊಟಕು ಮಾಡಲು ಕಂಪನಿಗಳು ವರ್ಷಗಳಿಂದ ಹೊಂಚು ಹಾಕಿವೆಯೆಂದು ಓದಿ ಕೆರಳಿದ್ದೆ. ನಮ್ಮಲ್ಲಿ ಹಿಂದೆ ಜೂರಿ ಇದ್ದದ್ದು ಕೊಲೆಯಂಥ ಕೇಸುಗಳಿಗೆ, ಅದನ್ನೂ ತೆಗೆದರು. ಮಿಷನ್ನಿಗೆ ಕೈ ಕೊಟ್ಟವಳಿಗೆ ಎಂದೂ ಇರಲಿಲ್ಲ.

ನಿಮ್ಮವ್ವನಿಗೆ ಬೇಕಾಗಿದ್ದದ್ದು ಒಂದೇ ಮಾತು: ಕೆಲಸ ನಿಧಾನವಾಗುತ್ತದೆಂದು ಕೈ ಒಳಗೆ ಹೋಗದ ಹಾಗೆ ಮಿಷನ್ನಿಗೆ ಹಾಕಿದ್ದ ತಡೆ ಜಾಲರಿಯನ್ನು ಬಿಚ್ಚಿಸಿದವನು ಸೂಪರ್‌ವೈಸರ್, ಅವಳಲ್ಲ. ಅದನ್ನು ನಾಲ್ಕು ಜನ ಕೇಳಬೇಕಿತ್ತು. ಏಕೆಂದರೆ "ಜವರಮ್ಮ ಮಾತಾಡ್ಕೊಂಡು ಕೈ ಕೊಟ್ಲು ಕಣ್ರೀ" ಎಂದು ಕಾರ್ಖಾನೆಯವರು ಊರಿಗೆಲ್ಲ ಹಬ್ಬಿಸಿದ್ದರು.

ಒಳಗೆ ನ್ಯಾಯಾಧೀಶರು ಸೌಮ್ಯವಾಗಿಯೇ, ರಾಜಿಗೆ ಒಪ್ಪಿಗೆಯೇ ಎಂದು ಕೇಳಿದರು. ಇವಳು ಸೆರಗು ಸಡಿಲಿಸುತ್ತಾ, "ಸಾ, ಆ ಜಾಲರಿ ಬಿಚ್ಚಿದ್ದು ನಾನಲ್ಲ ಸಾ" ಎನ್ನುವಷ್ಟರಲ್ಲಿ ಕಂಪನಿಯ ವಕೀಲರು ನಕ್ಕು, "ಅದೆಲ್ಲ ಈಗ್ಯಾಕಮ್ಮ? ರಾಜಿ ಆಯ್ತಲ್ಲ. ಒತ್ತು, ಒತ್ತು, ಬಸ್ಸು ತಪ್ಪೋಯ್ತದೆ" ಎಂದರು. ಹಿಂದೆ ಸರದಿ ಇತ್ತು. ನಾನು ರಾಜಿಪತ್ರವನ್ನು ಓದಿ ಹೇಳಿದೆ. "ನೀನು ಓದಿದ್ಮೇಲೆ ಮುಗೀತು ಬುಡಣ್ಣ" ಎಂದು ಎಡಗೈ ಹೆಬ್ಬೆಟ್ಟು ಒತ್ತಿದಳು. ಐದು ನಿಮಿಷ. ಕೈಯನ್ನು ಯಾರೂ ನೋಡಲಿಲ್ಲ. ಅವಳು ಸೆರಗನ್ನು ಮತ್ತೆ ಸುತ್ತಿಕೊಂಡು ಬಸ್ ನಿಲ್ದಾಣದತ್ತ ನಡೆದಳು.

ಅದಾಲತ್ತಿನ ರಾಜಿಗೆ ಅಪೀಲಿಲ್ಲ. ಪರಿಹಾರದ ಚೆಕ್ಕು ಅವಳ ಹೆಸರಿಗೇ ಬರುತ್ತದೆ. ಅವ್ವನ ಗಾಯಕ್ಕೆ ಚಳಿಗಾಲದಲ್ಲಿ ಬಿಸಿನೀರಿನ ಶಾಖ ಕೊಡುತ್ತಿರು.

ಇಂತಿ ನಿನ್ನ ಮಾವ,
ಸಿದ್ದಮಲ್ಲಪ್ಪ

ಮರೆತೆನೆಂದಲ್ಲ, ಧೈರ್ಯ ಸಾಲದೆ ಕೊನೆಗಿಟ್ಟದ್ದು: ರಾಜಿಪತ್ರದ ನಾಲ್ಕನೆಯ ಸಾಲಿನಲ್ಲಿ "ಅರ್ಜಿದಾರಳ ಸ್ವಂತ ಅಜಾಗರೂಕತೆಯಿಂದ" ಎಂದಿತ್ತು. ಆ ಸಾಲು ತೆಗೆದರೆ ರಾಜಿಯಿಲ್ಲ, ಇನ್ನೂ ಐದಾರು ವರ್ಷ ಅಲೆಯಿರಿ ಎಂದು ಕಂಪನಿಯ ವಕೀಲರು ನನಗೆ ಮೊದಲೇ ಹೇಳಿದ್ದರು. ಆ ಸಾಲು ಕೇಳಿದ್ದರೆ ಅವಳು ಒತ್ತುತ್ತಿರಲಿಲ್ಲ. ನಾನು ಮೂರನೆಯ ಸಾಲಿನಿಂದ ಐದನೆಯದಕ್ಕೆ ಹೋದೆ. ಪವಿತ್ರ, ಇದನ್ನೂ ಅವ್ವನಿಗೆ ಓದಿ ಹೇಳು. ನನ್ನ ಹಾಗೆ ಬಿಟ್ಟು ಓದಬೇಡ.