ನಿಲ್ಲು ಎನ್ನುವ ಅಧಿಕಾರ

ಮುದ್ದು ಬಟಾಣಿಗೆ,

ನಿನ್ನನ್ನು ತರಗತಿಯ ಲೀಡರ್ ಮಾಡಿದ್ದಾರಂತೆ. "ಟೀಚರ್ ನಂಗೆ ಅಧಿಕಾರ ಕೊಟ್ಟಿದಾರೆ. ಅಧಿಕಾರ ಅಂದ್ರೆ ಏನತ್ತೆ?" ಎಂದು ನೀನು ಫೋನಿನಲ್ಲಿ ಕೇಳಿದಾಗ ನಾನು ಕೆಲಸಕ್ಕೆ ಹೊರಟಿದ್ದೆ. ಏನೋ ಹಾರಿಕೆಯ ಉತ್ತರ ಕೊಟ್ಟುಬಿಟ್ಟೆ. ಈಗ ಕುಳಿತು ಬರೆಯುತ್ತಿದ್ದೇನೆ. ಅಮ್ಮನಿಂದ ಓದಿಸಿಕೋ.

ಹೋದ ರಜೆಯಲ್ಲಿ ನೀವೆಲ್ಲ ಬಂದಿದ್ದಾಗ ನೀನು ನನ್ನ ಜೊತೆ ದೋಣಿ ರಿಪೇರಿಯ ಅಂಗಳಕ್ಕೆ ಬಂದಿದ್ದೆಯಲ್ಲ, ಆ ಬೆಳಗ್ಗೆ ಮಂಜು ಕವಿದಿತ್ತು. ನನ್ನ ಕ್ರೇನಿನ ಗೂಡಿನಿಂದ ನೋಡಿದರೆ ಯಾರೋ ಊರನ್ನೇ ಹಾಲಿನಲ್ಲಿ ಅದ್ದಿಟ್ಟ ಹಾಗಿತ್ತು. ಅದರೊಳಗಿಂದ ಬಿಳಿ ದೋಣಿಯೊಂದು ನೀರು ತೊಟ್ಟಿಕ್ಕಿಸುತ್ತಾ ಎದ್ದು ಬಂತು. ನಿದ್ದೆಗಣ್ಣಿನ ಮಗುವನ್ನು ಎತ್ತಿಕೊಂಡ ಹಾಗೆ ಅದನ್ನು ಎತ್ತಿ ತಂದು, ಅಂಗಳದ ಮರದ ದಿಮ್ಮಿಗಳ ಮೇಲೆ ಇಳಿಸುತ್ತಿದ್ದೆ. ಕೆಳಗೆ ನಿಂತು ನನಗೆ ಕೈಸನ್ನೆ ಮಾಡುವವರನ್ನು ನೀನು ಸನ್ನೆಮಾಮ ಎನ್ನುತ್ತಿದ್ದೆ. ಅವರು ಇಳಿಸು, ಇಳಿಸು ಎನ್ನುತ್ತಲೇ ಇದ್ದರು.

ಆಗ, ಜನ ಹತ್ತಿರ ಬರದಂತೆ ಕಟ್ಟಿದ್ದ ಹಗ್ಗದ ಆಚೆ ನಿನ್ನ ಕೆಂಪು ಅಂಗಿ ಕಂಡಿತು. ಎರಡೂ ಕೈ ಮೇಲೆ. ಸನ್ನೆಮಾಮ ಕಲಿಸಿಕೊಟ್ಟಿದ್ದ 'ನಿಲ್ಲು'. ನಾನು ಯೋಚಿಸಲೇ ಇಲ್ಲ, ನಿಲ್ಲಿಸಿದೆ. ದೋಣಿ ಗಾಳಿಯಲ್ಲಿ ಮೆಲ್ಲಗೆ ತೂಗಿತು.

"ಯಾರ್ರೀ ನಿಲ್ಸಿದ್ದು?" ಅಂಗಳದ ಸಾಹೇಬರು ರೇಡಿಯೋದಲ್ಲಿ ಗುಡುಗಿದರು. ಮಗು ಎಂದು ತಿಳಿದಾಗ ಇನ್ನೂ ಸಿಡುಕಿದರು. "ಚೋಟುದ್ದದ ಮಗೂಗೆ ಏನ್ರೀ ಅಧಿಕಾರ?"

"ಎತ್ತು, ಇಳಿಸು ಅನ್ನೋದು ನಾನೊಬ್ಬನೇ ಸಾರ್. ನಿಲ್ಲು ಅಂತ ಯಾರು ಬೇಕಾದ್ರೂ ಅನ್ನಬಹುದು," ಎನ್ನುತ್ತಾ ಸನ್ನೆಮಾಮ ಬಗ್ಗಿ ನೋಡಿದರು. ದಿಮ್ಮಿಗಳ ಸಂದಿಯಲ್ಲಿ ಎರಡು ಕಾಲು! ಬೆಣೆ ಸರಿಮಾಡಲು ಬಡಗಿ ಒಳಗೆ ನುಸುಳಿದ್ದ. ದೊಡ್ಡವರಿಗೆ ಕಾಣದ್ದು ನಿನ್ನ ಎತ್ತರಕ್ಕೆ ಕಂಡಿತ್ತು. ಬಡಗಿ ಬಂದು ನಿನ್ನ ಮುಂದೆ ಕುಕ್ಕರಗಾಲಲ್ಲಿ ಕುಳಿತ. ನೀನು ಅವನ ಕೂದಲಿನಿಂದ ಮರದ ಹೊಟ್ಟು ಕೊಡವಿದೆ.

ಆಮೇಲೆ ಮನೆಯಲ್ಲಿ ನಿನ್ನದೇ ದರ್ಬಾರು. ನೀನು ಕೈ ಎತ್ತಿದರೆ ಅಜ್ಜಿಯ ಸೌಟು ನಿಲ್ಲಬೇಕು, ತಾತನ ಗೊರಕೆಯೂ ನಿಲ್ಲಬೇಕು! ಎಲ್ಲರೂ ನಗುತ್ತಾ ಸಹಿಸಿದರು. ಮರುದಿನ ನಿಮ್ಮಪ್ಪ ಬಸ್ಸು ಹಿಡಿಯಲು ಓಡುವಾಗಲೂ ಕೈ ಎತ್ತಿದೆ. ಅವನು ರಸ್ತೆಯಂಚಿನಲ್ಲಿ ಕಲ್ಲಾಗಿ ನಿಂತ. ಮುಖ ಬಿಳಿಚಿಕೊಂಡಿತ್ತು.

"ಏನಾಯ್ತು ಮಗಳೇ?"

"ಏನಿಲ್ಲ, ಸುಮ್ನೆ."

ಬಸ್ಸು ಹೋಯಿತು. ಅವನು ಬೈಯಲಿಲ್ಲ. ಸಂಜೆ ನೀನೇ ನನ್ನ ಸೆರಗು ಹಿಡಿದು ಕೇಳಿದೆ: "ಅಪ್ಪ ಯಾಕತ್ತೆ ಅಷ್ಟೊಂದು ಹೆದರ್ಕೊಂಡ?"

ನೀನು ಏನನ್ನೋ ಕಂಡಿರಬೇಕೆಂದು ಅವನು ನಂಬಿದ, ಕಂದಾ. ಜನ ನಿನ್ನ ಬಳಿ ಇಟ್ಟು ಹೋಗುವ ಆ ನಂಬಿಕೆಗೇ ಅಧಿಕಾರ ಎನ್ನುತ್ತಾರೆಂದು ನನ್ನ ಎಣಿಕೆ. ಟೀಚರ್ ಕೊಟ್ಟಿರುವುದು ಬರೀ ಹೆಸರು. ಉಳಿದದ್ದನ್ನು ನಿನ್ನ ಗೆಳತಿಯರು ಕೊಡಬೇಕು, ದಿನಾ ಸ್ವಲ್ಪಸ್ವಲ್ಪ.

ಇದೆಲ್ಲ ನನಗೆ ಹೊಳೆದದ್ದು ಈಗ, ಬರೆಯುತ್ತಾ. ಅಂದು ಸಂಜೆ ನೀನು ಉತ್ತರಕ್ಕೆ ಕಾಯಲೂ ಇಲ್ಲ. ಹೋಗಿ ಅಪ್ಪನ ತೊಡೆಯ ಮೇಲೆ ತಲೆಯಿಟ್ಟು ಹಾಗೇ ನಿದ್ದೆಹೋದೆ. ಕಿಟಕಿಯಾಚೆ ದೀಪಗಳು ಒಂದೊಂದಾಗಿ ಹೊತ್ತಿಕೊಂಡವು. ಅವನ ಕಾಲು ಜೋಮು ಹಿಡಿಯಿತು, ಊಟ ಆರಿತು. ಅಲುಗಾಡಬೇಡ ಎಂದು ಅವನಿಗೆ ಯಾರೂ ಹೇಳಿರಲಿಲ್ಲ.

ನಿನ್ನ ಮಾತು ನಾಲ್ಕು ಜನರಿಗೆ ನೆರಳಾಗಲಿ. ತಣ್ಣಗಿರು, ನನ್ನ ಬಂಗಾರ.

ನಿನ್ನ ದಾರಿ ಕಾಯುವ,
ಕ್ರೇನ್ ಅತ್ತೆ