ಬಿಳಿ ಮುಖದ್ದು, ಬಿಳಿ ಹುಬ್ಬಿನದು

ಫೆಬ್ರವರಿ 11

ಅಕ್ಷರ ಕೋಳಿ ಕೆದರಿದ ಹಾಗಿದೆ. ಕಾಗುಣಿತವೂ ತಪ್ಪಿರಬಹುದು. ಐದನೇ ಕ್ಲಾಸಿಗೇ ಓದು ಬಿಟ್ಟ ಕೈ... ಕ್ಷಮೆ ಇರಲಿ. ಯಾರನ್ನು ಕೇಳುತ್ತಿದ್ದೇನೋ!

ಲಾಂಡ್ರಿಯ ತಾರಸಿ. ಬೆಡ್‌ಶೀಟ್ ಹರವುವಾಗ ಕುಂಡೆಕುಸ್ಕ ಹಕ್ಕಿ ಇವತ್ತೂ ಬಂತು. ಸೋರಿದ ನೀರಿನಲ್ಲಿ ಓಡುತ್ತದೆ, ನಿಲ್ಲುತ್ತದೆ, ಬಾಲ ಕುಣಿಸುತ್ತದೆ. ಕೆಲವು ದಿನ ಮುಖ ಬಿಳಿ. ಕೆಲವು ದಿನ ಕಪ್ಪು, ಹುಬ್ಬು ಮಾತ್ರ ಬಿಳಿ. ಬಾಯ್ಲರ್ ಮಸಿ ಮೆತ್ತಿರಬೇಕು.

"ಒಗೆದ ದಿನ ಬಿಳಿ, ಒಗೆಯದ ದಿನ ಕಪ್ಪು ಕಣೇ ಮೂಕಿ," ಎಂದಳು ಇಸ್ತ್ರಿ ಅಕ್ಕ. ನಾನು ಬಾಯಿ ಬಿಡುವುದೇ ಅಪರೂಪ, ಅದಕ್ಕೆ ಮೂಕಿ.

ತಾರಸಿಯ ಗೋಡೆಯಲ್ಲಿ ಹಳೇ ಫ್ಯಾನ್ ಕಿತ್ತ ತೂತನ್ನು ಮುಚ್ಚಬೇಕಂತೆ, ಮ್ಯಾನೇಜರ್ ಅಪ್ಪಣೆ. ಹಕ್ಕಿ ಅಲ್ಲಿ ಇಣುಕುತ್ತಿರುತ್ತದೆ. ಮೇಸ್ತ್ರಿ ಮಾವ, "ಚಳಿ ಮುಗಿದ್ರೆ ಅದೇ ಹೋಗುತ್ತೆ. ಹೋದ್ಮೇಲೆ ಹೇಳಮ್ಮ, ಮುಚ್ತೀನಿ" ಎಂದರು. ತಲೆ ಆಡಿಸಿದೆ.

ಮಾರ್ಚ್ 24

ನೀರಿನ ಹತ್ತಿರ ಹಕ್ಕಿ ಇಲ್ಲ. ಎಷ್ಟೋ ದಿನವಾಯಿತು. ಮಾವನಿಗೆ ಹೇಳಿದೆ — ಹೋಯ್ತು. ಒಂದೇ ಮಾತು. ಅದಕ್ಕೇ ಬೆವರಿದೆ.

ಮಾರ್ಚ್ 25, ಮಧ್ಯಾಹ್ನ

ಊಟ ಬಿಟ್ಟು ಬರೆಯುತ್ತಿದ್ದೇನೆ.

ಮಾವ ಗಾರೆ ಕಲಸಿ, ಮೊದಲ ಇಟ್ಟಿಗೆ ಎತ್ತಿದ್ದರು. ಗೋಡೆಯ ಮೇಲೆ ಕಪ್ಪು ಮುಖದ್ದು! ಬಾಯಿ ತುಂಬ ಹುಳು. ನುಂಗುತ್ತಿಲ್ಲ. ಗೋಡೆಯ ಆಚೆ ಬದಿಯಿಂದ ತೂತಿಗೆ ನುಗ್ಗಿತು. ಒಳಗೆ ಮರಿಗಳ ಸದ್ದು.

"ಬೇಡ!" ಕೂಗಿದ್ದು ನಾನೇ.

"ಅಯ್ಯೋ, ಮೂಕಿಗೆ ಬಾಯಿ ಬಂತು!" ಅಕ್ಕ ಇಸ್ತ್ರಿ ಬಿಟ್ಟು ಓಡಿ ಬಂದಳು.

"ಹೋಯ್ತು ಅಂದಿದ್ದು ನೀನೇ ಅಲ್ವೇನಮ್ಮ?" ಎಂದರು ಮಾವ.

"ಹೋಗಿದ್ದು ಬಿಳಿ ಮುಖದ್ದು, ಮಾವ. ಈ ಕಪ್ಪು ಮುಖದ್ದು ಬೇರೆ. ಎರಡು ಜಾತಿ."

ಮಾವ ಇಣುಕಿದರು. ಇಟ್ಟಿಗೆ ಇಳಿಸಿದರು.

"ಚಳಿ ದೇಶದಲ್ಲಿ ಗೋಡೆ ಕಟ್ಟೋಕೆ ಹೋಗಿದ್ದೆ. ಬೇಸಿಗೇಲಿ ಆ ಬಿಳಿ ಮುಖದ್ದು ನಮ್ಮ ಇಟ್ಟಿಗೆ ಸಂದೀಲೇ ಮರಿ ಮಾಡೋದು. ನನ್ನ ಬೆನ್ನು ಹತ್ತಿ ಬಂತೇನೋ ಅಂದ್ಕೊಂಡಿದ್ದೆ! ಈ ಬಿಳಿ ಹುಬ್ಬಿಂದು ಮಾತ್ರ ಅಲ್ಲಿ ಒಂದೂ ಕಂಡಿಲ್ಲ."

ಬಿಳಿ ಮುಖದ್ದು ಹೋಗುವುದು ಹಿಮದ ಬೆಟ್ಟಗಳ ಆಚೆಗಂತೆ. ಮುಷ್ಟಿಯಷ್ಟು ಹಕ್ಕಿ! ಬಿಳಿ ಹುಬ್ಬಿನದಕ್ಕೂ ಅದೇ ಓಟ, ಅದೇ ಬಾಲ. ಅದಕ್ಕೆ ಲೋಕ ಸಾಲದು, ಇದಕ್ಕೆ ನಮ್ಮ ಸೋಪುನೀರಿನ ಗೋಡೆ ಸಾಕು. ಎರಡನ್ನೂ ಒಂದೇ ಅಂದುಕೊಂಡು ನೋಡುತ್ತಿದ್ದೆನಲ್ಲ...

ಕಲಸಿದ ಗಾರೆಯನ್ನು ಮಾವ ಮೆಟ್ಟಿಲ ಬಿರುಕಿಗೆ ಬಳಿದರು. "ಮರಿ ಹಾರ್ಲಿ. ಮ್ಯಾನೇಜರ್ ಕೇಳಿದ್ರೆ ನೀನೇ ಉತ್ತರ ಕೊಡಬೇಕು, ಬಾಯಿ ಬಂದಿದೆಯಲ್ಲ."

ಮಾರ್ಚ್ 28

ಮ್ಯಾನೇಜರ್ ಕೇಳಿದರು. ಹೇಳಿದೆ. ಪೂರ್ತಿ.

ಬೆಳಿಗ್ಗೆ ಒದ್ದೆ ಬೆಡ್‌ಶೀಟ್ ಗೋಡೆಯಾಚೆಗೂ ಹಾರಿ ತೂತಿಗೆ ಅಡ್ಡ ಬೀಳುತ್ತಿತ್ತು. ಹುಳು ಕಚ್ಚಿಕೊಂಡು ಅದು ಗೋಡೆಯ ಮೇಲೆ ಕಾಯುತ್ತಿತ್ತು. ಹಗ್ಗ ಬಿಚ್ಚಿ ಈಚೆ ಕಂಬಕ್ಕೆ ಕಟ್ಟಿದೆ. ತಿರುಗಿ ನೋಡಿದರೆ ತೂತಿನ ಅಂಚಿನಲ್ಲಿ ಒಂದು ಪುಟ್ಟ ಮರಿ, ಬಾಲ ಕುಣಿಸುತ್ತಾ.